ರೀಮಾಸ್ಟರ್ ಬಾಕ್ಸ್ ಸೆಟ್: ಯಾರ ಮಾತು ನಂಬಬೇಕು, ಹೇಗೆ ಕೇಳಿ ನೋಡಬೇಕು

ಹಳೇ ಸಿನಿಮಾ ಹಾಡುಗಳ ರೀಮಾಸ್ಟರ್ ಬಾಕ್ಸ್ ಸೆಟ್ (ಹಳೇ ಟೇಪಿನ ಸದ್ದನ್ನು ಹೊಸದಾಗಿ ಸರಿಮಾಡಿ, ಹಲವು ತಟ್ಟೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುವುದು) ಬಂತು ಅಂದರೆ ಸಾಕು, ಅಭಿಮಾನಿಗಳಲ್ಲಿ ಎರಡು ಪಾರ್ಟಿ ಆಗುತ್ತವೆ. ಒಬ್ಬರು "ಗವಾಯಿ ಎದುರಿಗೇ ಕೂತಂಗ ಅದ" ಅನ್ನುತ್ತಾರೆ. ಇನ್ನೊಬ್ಬರು "ಹಾಡಿನ ಜೀವಾನೇ ತೆಗದಾರ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇವರ ಮನೆಯಲ್ಲಿದ್ದ ಹಳೇದು ಬೇರೆ, ಅವರ ಮನೆಯಲ್ಲಿದ್ದ ಹಳೇದು ಬೇರೆ, ಅಷ್ಟೇ. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬಹಳ ವರ್ಷ ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು. ಈಗಲೂ ಓಣಿಯ ಹುಡುಗರು "ಕಾಕಾ, ಇದು ತಗೋಬೇಕೋ ಬ್ಯಾಡೋ?" ಅಂತ ಕೇಳಿಕೊಂಡು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾರಾದರೂ ಚೆನ್ನಾಗಿದೆ ಅಥವಾ ಕೆಟ್ಟದಾಗಿದೆ ಅಂದಾಗ ಮೊದಲು ಕೇಳಬೇಕಾದ್ದು ಒಂದೇ: ಯಾವುದಕ್ಕಿಂತ? ಎಲ್‌ಪಿ ತಟ್ಟೆಗಿಂತಲೋ, ಕ್ಯಾಸೆಟ್‌ಗಿಂತಲೋ, ಸಂತೆಯಲ್ಲಿ ಸಿಗುತ್ತಿದ್ದ ನೂರು ಹಾಡಿನ ಎಂಪಿ3 ಸಿಡಿಗಿಂತಲೋ? ನಮ್ಮ ಕಡೆ ನನ್ನ ವಯಸ್ಸಿನವರು ಬಹಳ ಜನ ಹಾಡು ಕೇಳಿದ್ದೇ ತುಂಬಿಸಿಕೊಂಡ ಕ್ಯಾಸೆಟ್‌ನಲ್ಲಿ. ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ಕೊಡುತ್ತಿದ್ದರು, ಅಂಗಡಿಯವನು 60 ನಿಮಿಷದ್ದೋ 90 ನಿಮಿಷದ್ದೋ ಖಾಲಿ ಕ್ಯಾಸೆಟ್ ತುಂಬಿಸಿ ಕೊಡುತ್ತಿದ್ದ. ಅದು ಕಾಪಿಯ ಕಾಪಿ. ಸ್ಟುಡಿಯೋದ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 38 ಸೆಂಟಿಮೀಟರ್ ಓಡಿದರೆ ಕ್ಯಾಸೆಟ್ ಓಡುವುದು 4.76 ಸೆಂಟಿಮೀಟರ್. ಅದರಲ್ಲಿ ಮೇಲಿನ ಸ್ವರಗಳ ಹೊಳಪು ಅರ್ಧ ಅಲ್ಲೇ ಹೋಗಿರುತ್ತದೆ.

ಮೇಲಿಂದ ಹೆಡ್ಡಿನ ಕಥೆ. ಹೆಡ್ ಅಂದರೆ ಟೇಪಿನಿಂದ ಹಾಡು ಓದುವ ಭಾಗ. ಟೇಪ್ ರೆಕಾರ್ಡರ್ ಮುಚ್ಚಳ ತೆಗೆದರೆ ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಸಣ್ಣ ಸ್ಕ್ರೂ ಕಾಣುತ್ತದೆ. ಅದನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಹಾಡು ಕಂಬಳಿಯೊಳಗಿಂದ ಹೊರಗೆ ಬಂದ ಹಾಗೆ ಆಗುತ್ತದೆ. ಇನ್ನೊಂದು ಕಾಲು ಸುತ್ತು ಹೋದರೆ ಮತ್ತೆ ಕಂಬಳಿಯೊಳಗೆ. ರಿಪೇರಿಗೆ ಬರುತ್ತಿದ್ದ ಸೆಟ್ಟುಗಳಲ್ಲಿ ಹೆಚ್ಚಿನವುಗಳ ಹೆಡ್ ಓರೆಯಾಗಿಯೇ ಇರುತ್ತಿತ್ತು. ಜನ ಅದಕ್ಕೇ ಒಗ್ಗಿಹೋಗಿದ್ದರು. ಸರಿ ಮಾಡಿ ಕೊಟ್ಟರೆ "ಏನ್ರಿ ಇದು, ಕಿವಿ ಚುಚ್ಚಲಿಕ್ಕತ್ತದ" ಅಂತ ಬೈದು ಹೋದವರೂ ಇದ್ದಾರೆ. ಇವತ್ತು ರೀಮಾಸ್ಟರ್ ಕೇಳಿ ಕಿವಿ ಚುಚ್ಚುತ್ತದೆ ಅನ್ನುವವರಲ್ಲಿ ಅವರೂ ಸೇರಿದ್ದಾರೆ ಅಂತ ನನಗೆ ಗುಮಾನಿ.

ಈ ಸ್ಕ್ರೂ ಮಾತು ಸುಮ್ನೆ ಹೇಳಿದ್ದಲ್ಲ. ದೊಡ್ಡ ಸ್ಟುಡಿಯೋದಲ್ಲೂ ರೀಮಾಸ್ಟರ್ ಶುರುವಾಗುವುದು ಇಲ್ಲಿಂದಲೇ. ಒಂದೊಂದು ರೀಲಿಗೂ ಹೆಡ್ ಕೋನ ಹೊಂದಿಸಬೇಕು, ವೇಗ ಸರಿ ಇರಬೇಕು, ಸಿಕ್ಕದ್ದು ಮೂಲ ಟೇಪೋ ಅದರ ಕಾಪಿಯೋ ನೋಡಬೇಕು. 70-80ರ ದಶಕದ ಕೆಲವು ಟೇಪುಗಳು ತೇವ ಹೀರಿ ಅಂಟಂಟಾಗುತ್ತವೆ. ಅವನ್ನು 50-55 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದ ಮೇಲೆಯೇ ಓಡಿಸುತ್ತಾರೆ. (ನಮ್ಮ ಊರಿನ ಮೇ ತಿಂಗಳ ಬಿಸಿಲೂ ಇದಕ್ಕೆ ಸಾಲದು!) ಹಾಗಾಗಿ ಬಾಕ್ಸಿನ ಹಿಂದೆ ಯಾವ ಟೇಪಿನಿಂದ, ಯಾವ ವರ್ಷ, ಯಾರು ಮಾಡಿದರು ಅಂತ ಬರೆದಿದ್ದಾರಾ ನೋಡಿ. ಬರೀ "ಡಿಜಿಟಲ್ ರೀಮಾಸ್ಟರ್ಡ್" ಅಂತ ಬಂಗಾರದ ಅಕ್ಷರ ಇದ್ದರೆ ನನಗೆ ನಂಬಿಕೆ ಕಡಿಮೆ.

ಎರಡನೇ ಪ್ರಶ್ನೆ, ಯಾವುದರಲ್ಲಿ ಕೇಳಿದಿರಿ? ಫೋನಿನ ಸ್ಪೀಕರ್, ಕಾರು ಅಂದರೆ ಆ ಅಭಿಪ್ರಾಯ ಪಕ್ಕಕ್ಕಿಡಿ. ರಿಂಗ್ ರೋಡಿನಲ್ಲಿ ಲಾರಿಗಳ ಮಧ್ಯೆ ರೀಮಾಸ್ಟರಿನ ಗುಣ ಯಾರಿಗೆ ತಿಳಿಯುತ್ತದೆ?

ಮೂರನೇದು, ಮಾತು ಎಷ್ಟು ನಿರ್ದಿಷ್ಟವಾಗಿದೆ ನೋಡಿ. "ಸೂಪರ್", "ವೇಸ್ಟ್" ಇವಕ್ಕೆ ಬೆಲೆ ಇಲ್ಲ. "ಎರಡನೇ ಚರಣಕ್ಕೆ ಮೊದಲು ಕೊಳಲಿನವರು ಉಸಿರು ತಗೊಳ್ಳೋದು ಹಳೇ ಎಲ್‌ಪಿಯಲ್ಲಿ ಕೇಳುತ್ತಿತ್ತು, ಇದರಲ್ಲಿ ಇಲ್ಲ" ಅಂತ ಒಬ್ಬರು ಹೇಳಿದರೆ ಅವರ ಮನೆ ಹುಡುಕಿಕೊಂಡು ಹೋಗಿ.

ಇನ್ನೊಂದು ಮಾತು. ಅರ್ಧ ಜಗಳ ಸದ್ದಿನ ಬಗ್ಗೆ ಇರುವುದೇ ಇಲ್ಲ, ಒಳಗೆ ಏನಿದೆ, ಯಾವ ಕ್ರಮದಲ್ಲಿದೆ ಅನ್ನುವುದರ ಬಗ್ಗೆ ಇರುತ್ತದೆ. ಇದಕ್ಕೆ ಹಾಲಿವುಡ್‌ನ ‘ಸ್ಟಾರ್ ವಾರ್ಸ್’ ಸಿನಿಮಾ ಒಳ್ಳೇ ಉದಾಹರಣೆ. ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ ಜಾನ್ ವಿಲಿಯಮ್ಸ್ ಸಂಗೀತ 1977ರಲ್ಲಿ ಎರಡು ಎಲ್‌ಪಿಗಳಲ್ಲಿ ಬಂತು. ಸಿನಿಮಾದ ಕ್ರಮದಲ್ಲಲ್ಲ, ಕೂತು ಕೇಳಲು ಚಂದ ಇರುವ ಕ್ರಮದಲ್ಲಿ. 1993ರಲ್ಲಿ ಮೂರು ಸಿನಿಮಾ ಸೇರಿಸಿ ನಾಲ್ಕು ಸಿಡಿಗಳ ಬಾಕ್ಸ್ ಸೆಟ್ ಬಂತು. 1997ರಲ್ಲಿ ಮೊದಲ ಸಿನಿಮಾದ ಸಂಗೀತ ಎರಡು ಸಿಡಿಗಳಲ್ಲಿ ದೃಶ್ಯಗಳ ಕ್ರಮದಲ್ಲೇ ಬಂತು. 2018ರ ರೀಮಾಸ್ಟರ್ ಮತ್ತೆ ಹಳೇ ಎಲ್‌ಪಿ ಕ್ರಮಕ್ಕೆ ವಾಪಸಾಯಿತು. ಪ್ರತಿ ಸಲವೂ ಅಭಿಮಾನಿಗಳು ಕಚ್ಚಾಡಿದರು. ಇಡೀ ಸಂಗೀತ ಬೇಕು ಅನ್ನುವವರಿಗೆ 2018ರದು ಕಡಿಮೆ, ಎಲ್‌ಪಿ ಬಾಯಿಪಾಠ ಆದವರಿಗೆ 1997ರದು ಗೊಂದಲ. ನಮ್ಮ ಹಳೇ ಹಾಡುಗಳಿಗೂ ಇದೇ ಪಾಡು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಯುತ್ತಿತ್ತು. ಸಿನಿಮಾದಲ್ಲಿರುವ ಒಂದು ಚರಣ ತಟ್ಟೆಯಲ್ಲಿ ಇಲ್ಲದಿರಬಹುದು. ಅಂಥದ್ದನ್ನು ನೋಡಿ "ರೀಮಾಸ್ಟರ್‌ನಲ್ಲಿ ಕತ್ತರಿ ಹಾಕಿದ್ದಾರೆ" ಅನ್ನುವವರೂ ಇದ್ದಾರೆ. ಝಂಕಾರ್ ಬೀಟ್ಸ್, ಅಂದರೆ ಹಳೇ ಹಾಡಿನ ಮೇಲೆ ಹೊಸ ತಾಳದ ಬಡಿತ, ಸೇರಿಸಿದ್ದಂತೂ ರೀಮಾಸ್ಟರ್ ಅಲ್ಲವೇ ಅಲ್ಲ. ಆಟೋದಲ್ಲಿ ಚೆನ್ನಾಗಿರುತ್ತದೆ, ಅದು ಬೇರೆ ವಿಷಯ.

ಈಗ ನೀವೇ ಕೇಳಿ ನೋಡುವ ಕೆಲಸ. ಮೊದಲು ಕೋಣೆ. ನಮ್ಮ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆ ಬರಿದು. ಸದ್ದು ಕಲ್ಲಿಗೆ ಬಡಿದು ವಾಪಸ್ ಬರುತ್ತದೆ, ಎಂಥ ಹಾಡೂ ಗಡಸಾಗಿ ಕೇಳುತ್ತದೆ. ಸ್ಪೀಕರ್ ಮುಂದೆ ಜಮಖಾನವೋ ಕೌದಿಯೋ ಹಾಸಿ, ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಕೂಲರ್ ಆಫ್ ಮಾಡಿ. ಬೇಸಿಗೆಯಲ್ಲಿ ಇದು ಕಷ್ಟ, ಗೊತ್ತು. ಆದರೆ ಕೂಲರ್ ಗಾಳಿಯ ಸದ್ದೂ ಟೇಪಿನ ಹಿಸ್ (ಹಿಂದೆ ಸುಯ್ ಅನ್ನುವ) ಸದ್ದೂ ಒಂದೇ ಥರ ಇರುತ್ತವೆ, ಒಂದರಲ್ಲಿ ಇನ್ನೊಂದು ಮುಚ್ಚಿಹೋಗುತ್ತದೆ. ರಾತ್ರಿ ಹತ್ತರ ಮೇಲೆ ಕೂತರೆ ಉತ್ತಮ. ಇಲ್ಲದಿದ್ದರೆ ಒಳ್ಳೇ ಹೆಡ್‌ಫೋನ್.

ಆಮೇಲೆ ವಾಲ್ಯೂಮ್. ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕಾದ್ದು ಮಾತ್ರ ಇದೇ. ಹಳೇದನ್ನೂ ಹೊಸದನ್ನೂ ಹಾಕಿ, ಗಾಯಕರ ದನಿ ಎರಡರಲ್ಲೂ ಒಂದೇ ಎತ್ತರದಲ್ಲಿ ಕೇಳುವವರೆಗೆ ವಾಲ್ಯೂಮ್ ಹೊಂದಿಸಿ. ಜೋರಾಗಿದ್ದದ್ದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಕಂಪನಿಗಳಿಗೂ ಇದು ಗೊತ್ತು. ಅದಕ್ಕೇ ಎಷ್ಟೋ ರೀಮಾಸ್ಟರುಗಳಲ್ಲಿ ಮೆಲುದನಿಯನ್ನೂ ಎತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಪಿ.ಬಿ. ಶ್ರೀನಿವಾಸ್ ಅವರ ಹಾಡೊಂದು ಹಾಕಿ. ಅವರು ಮೆತ್ತಗೆ ಶುರು ಮಾಡಿ ಮೇಲೆ ಹೋಗುವಾಗ ದನಿ ನಿಜವಾಗಿಯೂ ದೊಡ್ಡದಾಗುತ್ತದಾ? ಇಲ್ಲ ಮೊದಲಿಂದ ಕೊನೆತನಕ ಒಂದೇ ಎತ್ತರವಾ? ಒಂದೇ ಎತ್ತರ ಆಗಿದ್ದರೆ ಹಳೇ ಕಾಪಿಯನ್ನೇ ಇಟ್ಟುಕೊಳ್ಳಿ.

ಮುಂದೆ ಹಾಡಿನ ಕೊನೆ ಕೇಳಿ. ಹಾಡು ಇಳಿಯುತ್ತಾ ಹೋಗುವಾಗ ಹಿಸ್ ಕೂಡ ಮೆಲ್ಲಗೆ ಇಳಿಯಬೇಕು. ಥಟ್ಟನೆ ಪೂರಾ ಮೌನ ಬಿದ್ದರೆ ಸದ್ದು ತೊಳೆಯುವ ಸಾಫ್ಟ್‌ವೇರ್ ಜಾಸ್ತಿ ಓಡಿದೆ ಅಂತ ಅರ್ಥ. ಹಿಸ್ ಜತೆಗೆ ಗೆಜ್ಜೆ, ತಾಳ, ತಬಲಾದ ಚಾಟಿಯ ನಾದ ಎಲ್ಲಾ ಕೊಚ್ಚಿಹೋಗಿರುತ್ತವೆ. ಸ್ವಲ್ಪ ಹಿಸ್ ಇರಲಿ ಬಿಡಿ. ಎಸ್. ಜಾನಕಿ ಅವರ ಮೇಲಿನ ಸ್ವರದಲ್ಲಿ ದನಿ ಕರಕರ ಅಂದರೆ ಮಾತ್ರ ನನಗೆ ಸಹಿಸಲಾಗುವುದಿಲ್ಲ.

60ರ ದಶಕದ ಹಾಡುಗಳು ಬಹುಪಾಲು ಮೋನೋ. ಹೆಡ್‌ಫೋನಿನ ಎಡಕ್ಕೂ ಬಲಕ್ಕೂ ಒಂದೇ ಸದ್ದು ಬರಬೇಕು. ಒಂದು ಕಡೆ ಬರೀ ಬಾಸ್, ಇನ್ನೊಂದು ಕಡೆ ಬರೀ ಚುರುಚುರು ಅಂದರೆ ಅದು ಬಲವಂತದ ಸ್ಟೀರಿಯೋ. ವೇಗ ಸರಿ ಇದೆಯಾ ನೋಡಲು ಹಾಡಿನ ಶ್ರುತಿಯನ್ನು ಮನೆಯ ಹಾರ್ಮೋನಿಯಂಗೆ ಹೋಲಿಸಿದರೆ ಸಾಕು. ಟೇಪ್ ಶೇಕಡಾ 6ರಷ್ಟು ಜೋರಾಗಿ ಓಡಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ, 4 ನಿಮಿಷದ ಹಾಡು 3 ನಿಮಿಷ 46 ಸೆಕೆಂಡಿಗೇ ಮುಗಿಯುತ್ತದೆ.

ಕಂಪ್ಯೂಟರ್ ಇದ್ದವರು ಆಡಾಸಿಟಿ ಅನ್ನುವ ಸದ್ದಿನ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ. ಹಾಡು ತೆರೆದರೆ ಅಲೆ ಕಾಣುತ್ತದೆ. ಏರಿಳಿತ ಇಲ್ಲದೆ ತುದಿ ಸಪಾಟಾಗಿ ಇಟ್ಟಿಗೆಯ ಹಾಗೆ ಕಂಡರೆ ಜೋರು ಮಾಡಿ ಹಿಂಡಿದ್ದಾರೆ. ಸ್ಪೆಕ್ಟ್ರಮ್ (ಸದ್ದು ಎಷ್ಟು ಎತ್ತರದ ಸ್ವರದವರೆಗೆ ಇದೆ ಅಂತ ತೋರಿಸುವ ಚಿತ್ರ) ತೆರೆದು ನೋಡಿ. ಸಿಡಿ 22 ಕಿಲೋಹರ್ಟ್ಜ್ ತನಕ ಹಿಡಿಯಬಲ್ಲದು. 16ರ ಹತ್ತಿರ ಗೆರೆ ಎಳೆದು ಕತ್ತರಿಸಿದ ಹಾಗಿದ್ದರೆ ಎಂಪಿ3ಯನ್ನೇ ಸಿಡಿಗೆ ಹಾಕಿ ಮಾರಿದ್ದಾರೆ ಅಂತ ಬಲವಾದ ಅನುಮಾನ ಪಡಬಹುದು. ದುಬಾರಿ ಬಾಕ್ಸಿನಲ್ಲೂ ಇದನ್ನು ನೋಡಿದ್ದೇನೆ.

ಪಾರ್ಸೆಲ್ ಬಂದ ಮೇಲೆ ಮೊದಲ ಸಿಡಿ ಮಾತ್ರ ಕೇಳಿ ಖುಷಿಪಟ್ಟು ಕಪಾಟಿನಲ್ಲಿ ಇಡಬೇಡಿ. ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆ ಎಲ್ಲಾ ತಟ್ಟೆಗಳನ್ನೂ, ಮುಖ್ಯವಾಗಿ ಪ್ರತಿಯೊಂದರ ಕೊನೇ ಹಾಡನ್ನು ಓಡಿಸಿ ನೋಡಿ. ಸಿಡಿ ಒಳಗಿನಿಂದ ಹೊರಗೆ ಓದುತ್ತದೆ, ಗೀರು, ಬೆರಳಚ್ಚು ಹೆಚ್ಚಾಗಿ ಅಂಚಿನಲ್ಲೇ ಇರುತ್ತವೆ. ಎಲ್‌ಪಿ ಸೆಟ್ ಆದರೆ ನೆಟ್ಟಗೆ ನಿಲ್ಲಿಸಿ ಇಡಿ, ಪಡುವಣ ಗೋಡೆಗೆ ತಾಗಿಸಬೇಡಿ. ಏಪ್ರಿಲ್ ಬಂದರೆ ಆ ಗೋಡೆ ರಾತ್ರಿಯೂ ಕಾಯ್ದಿರುತ್ತದೆ.