ಡೈರಿ ಕಾರ್ಡ್ ಬಿಟ್ಟು ಉದ್ರಿ ಖಾತೆ ಹಿಡಿದೆ

ಕಲಬುರಗಿಯಲ್ಲಿ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಮನೋಚಿಕಿತ್ಸೆ) ಗುಂಪು ನಡೆಯಲ್ಲ ಅಂತ ಹೇಳದವರೇ ಇಲ್ಲ. "ಮೇಡಂ, ಅದೆಲ್ಲ ಬೆಂಗಳೂರಿಗೆ ಸರಿ. ಇಲ್ಲಿ ಎರಡನೇ ವಾರಕ್ಕೆ ಯಾರೂ ಬರಂಗಿಲ್ಲ ನೋಡ್ರಿ" ಅಂದಿದ್ದರು ಒಬ್ಬ ಹಿರಿಯ ಡಾಕ್ಟರು. ಮೊದಲ ಬ್ಯಾಚಿನಲ್ಲಿ ಹಾಗೇ ಆಯಿತು. ಸೂಪರ್ ಮಾರ್ಕೆಟ್ ಹತ್ತಿರದ ರೂಮಿನ ಬಾಡಿಗೆ, ಜೆರಾಕ್ಸ್, ಚಹಾ ಸೇರಿ ಸುಮಾರು 40 ಸಾವಿರ ಹೋಯಿತು. ಉಳಿದವರು ಇಬ್ಬರು. ಬಿಟ್ಟಿ ಇಟ್ಟಿದ್ದಕ್ಕೆ ಬೆಲೆ ಇರಲಿಲ್ಲ. ವಾರಕ್ಕೆ 150 ರೂಪಾಯಿ ಮಾಡಿದ ಮೇಲೆ ಜನ ನಿಂತರು!

ದಿನದಿನದ ಭಾವನೆ ಬರೆದಿಡುವ ಡೈರಿ ಕಾರ್ಡು ಮಾತ್ರ ಆಗಲೂ ಕೈಕೊಟ್ಟಿತು. ಡಿಬಿಟಿ ರೂಪಿಸಿದ ಮಾರ್ಷಾ ಲಿನೆಹಾನ್ ಅವರ ಮಾದರಿಯನ್ನೇ ಕನ್ನಡಕ್ಕೆ ತಂದಿದ್ದೆ, ಭಾವನೆಯ ತೀವ್ರತೆಗೆ 0ಯಿಂದ 5 ಅಂಕ. ಎಲ್ಲರೂ ಬರುವಾಗ ಬಸ್ಸಿನಲ್ಲೇ ಏಳೂ ದಿನಕ್ಕೆ 3 ಅಂತ ಬರೆದು ತರುತ್ತಿದ್ದರು. ಸಾಕಾಗಿ ಕಿರಾಣಿ ಅಂಗಡಿಯವರು ಇಡುವ ಉದ್ದನೆಯ ಕೆಂಪು ವಹಿ ಕೊಡಿಸಿದೆ. ಎಡಕ್ಕೆ ಏನಾಯ್ತು, ಬಲಕ್ಕೆ ಏನು ಮಾಡಿದೆ, ಕೆಳಗೆ ಬಾಕಿ. ಬಾಕಿ ಅಂದರೆ ಇನ್ನೂ ಉಳಿದ ಸಂಕಟ, ಅದು ಆಣೆಯಲ್ಲಿ, ಹದಿನಾರಕ್ಕೆ ಎಷ್ಟು ಅಂತ. ಮುಂದಿನ ವಾರವೇ ಒಬ್ಬಳ ವಹಿಯಲ್ಲಿ ಹೀಗಿತ್ತು: "ವೈನಿ ಫೋನ್ ಎತ್ತಲಿಲ್ಲ. ತಾಟು ಒಗೆದೆ. ಬಾಕಿ ಹನ್ನೆರಡಾಣೆ." ಈ ಒಂದು ಸಾಲು ಹಿಡಿದು ಒಂದು ಗಂಟೆ ಚೈನ್ ಅನಾಲಿಸಿಸ್ ಮಾಡಿದೆವು, ಅಂದರೆ ಯಾವುದರಿಂದ ಯಾವುದಾಯ್ತು ಅಂತ ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹುಡುಕೋದು. ಹಿಂದಿನ ರಾತ್ರಿ ನಿದ್ದೆ ಇಲ್ಲ, ಮಧ್ಯಾಹ್ನದವರೆಗೆ ಊಟ ಇಲ್ಲ, ಆಮೇಲೆ ಫೋನು. ಮನೆಯವರು ಇದನ್ನೇ "ಸುಮ್ನೆ ನಾಟಕ" ಅಂತಿದ್ದರು. ಅದೇ ಪುಟ ಅವರ ಮುಂದೆ ಓದಿಸಿದೆ. ಅವಳ ಒಪ್ಪಿಗೆ ತಗೊಂಡೇ, ಮತ್ತೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಭಾವನೆ ಉಕ್ಕಿದಾಗ ಎದೆಬಡಿತ ಇಳಿಸಲು ಕಲಿಸುವ ಮುಖಕ್ಕೆ ತಣ್ಣೀರಿನ ಅಭ್ಯಾಸ ಇನ್ನೊಂದು ಫಜೀತಿ. ಮೇ ತಿಂಗಳಲ್ಲಿ 42 ಡಿಗ್ರಿ. ಟ್ಯಾಂಕಿನ ನೀರೇ ಸುಡುತ್ತದೆ, ಎದೆಬಡಿತ ಹೇಗೆ ಇಳಿಯಬೇಕು? ಈಗ ಸೋಡಾ ಅಂಗಡಿಯ ಐಸನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಉಸಿರು ಹಿಡಿದು, ಬಗ್ಗಿ, ಕಣ್ಣು ಕೆನ್ನೆ ಮೇಲೆ ಅರ್ಧ ನಿಮಿಷ. ಹೃದಯದ ತೊಂದರೆ ಇದ್ದವರಿಗೆ ಕೊಡಲ್ಲ.

ವಹಿಯ ಹುಚ್ಚಿನಲ್ಲಿ ಒಬ್ಬ ದಾಲ್ ಮಿಲ್ ಮಾಲೀಕರಿಗೂ ಕೊಟ್ಟು ನೋಡಿದೆ. ಐಸಿಡಿ-11ರ (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಪಟ್ಟಿ) ಅನಂಕಾಸ್ಟಿಯಾ ಲಕ್ಷಣ, ಅಂದರೆ ಎಲ್ಲ ಅಚ್ಚುಕಟ್ಟಾಗಿ ನಿಯಮದಂತೆಯೇ ಇರಬೇಕೆಂಬ ಅತಿಯಾದ ಹಟ, ಎದ್ದು ಕಾಣುತ್ತಿತ್ತು. ತೊಗರಿ ಚೀಲದ ಬಾಯಿ ಎಲ್ಲ ಒಂದೇ ದಿಕ್ಕಿಗೆ ಇರದಿದ್ದರೆ ಹಮಾಲರನ್ನು ಮನೆಗೆ ಕಳಿಸೋರು. ಕೆಲಸದವರು ಮೂರು ತಿಂಗಳೂ ನಿಲ್ಲುತ್ತಿರಲಿಲ್ಲ, ನಷ್ಟ ಲಕ್ಷದ ಲೆಕ್ಕ. ಆ ಯಜಮಾನರು ಎರಡು ಬಣ್ಣದಲ್ಲಿ ಗೆರೆ ಎಳೆದು, ಚಿತ್ತಾದರೆ ಇಡೀ ಪುಟ ಮತ್ತೆ ಬರೆದು ತಂದರು! ವಹಿ ಕಸಿದುಕೊಂಡೆ. ದಿನಕ್ಕೊಂದು ಚೀಲ ಸೊಟ್ಟ ಇಟ್ಟು ಮನೆಗೆ ಹೋಗಿ ಅಂದೆ. ಮೊದಲ ವಾರ ಬೈದರು. ಈಗ ಇಡ್ತಾರೆ.

ಈಗ ಹತ್ತು ಹನ್ನೊಂದು ಜನ ಸೇರಿದರೆ ಎಂಟು ಮಂದಿಯಾದರೂ 24 ವಾರ ಮುಗಿಸುತ್ತಾರೆ. ಬೇರೆ ಊರಲ್ಲಿ ಇಷ್ಟು ಕಂಡಿದ್ದೀರಾ? ಮೊದಲ ದಿನ ಯಾರನ್ನು ಯಾರ ಪಕ್ಕ ಕೂಡಿಸುತ್ತೇನೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಹತ್ತಿರವೇ ಇರಲಿ. ಫೋನ್ ಕೋಚಿಂಗ್ (ಸಂಕಟ ಬಂದಾಗ ನನಗೆ ಫೋನ್ ಮಾಡಿ ಏನು ಮಾಡಲಿ ಅಂತ ಕೇಳೋದು) ರಾತ್ರಿ 9ರವರೆಗೆ, ವಹಿ ಮುಂದಿಟ್ಟುಕೊಂಡೇ ಮಾಡಬೇಕು. ಆಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಆ ನಂಬರನ್ನು ವಹಿಯ ರಟ್ಟಿನ ಒಳಗೆ ಅವರ ಕೈಯಿಂದಲೇ ಬರೆಸುತ್ತೇನೆ.