ಖಾರದ ಪುಡಿಯ ಲೇಬಲ್ ಮೇಲೆ ಚಿಲ್ಲಿ ಬರೆಯುವುದು ಹೇಗೆ

ನಮ್ಮ ವೈನಿ ಬ್ಯಾಡಗಿಯಲ್ಲಿ ಮನೆಯಲ್ಲೇ ಖಾರದ ಪುಡಿ ಮಾಡಿ ಮಾರುತ್ತಾರೆ. ಮೊದಲ ಸಲ ಸಾವಿರ ಲೇಬಲ್ ಅಚ್ಚಾಗಿ ಬಂದಾಗ ನನಗೊಂದು ತೋರಿಸಿದರು. 'ಚಿಲ್ಲಿ'ಯ ಕೊನೆಗೆ ವೈ ಅಕ್ಷರ ಇತ್ತು. "ಎಲ್ಲಾ ಅಂಗಡಿ ಬೋರ್ಡಿನ್ಯಾಗ ಹಿಂಗ ಐತಲ್ಲ?" ಎಂದರು. ಇದೆ ನಿಜ. ಆದರೆ ವೈ ಹಾಕಿದರೆ ಅದು ಚಳಿ ಎಂಬ ಅರ್ಥದ ಬೇರೆಯೇ ಪದ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ಅಚ್ಚಿಗೆ ಕೊಡುವ ಮೊದಲೇ ನೋಡಬೇಕಿತ್ತು ಎಂದು ಬಹಳ ಬೇಜಾರಾಯಿತು.

ಹಾಗಾಗಿ ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ: ಸಿ, ಎಚ್, ಐ, ಡಬಲ್ ಎಲ್, ಐ. ಬಹುವಚನಕ್ಕೆ ಕೊನೆಗೆ ಇ, ಎಸ್ ಸೇರಿಸಿ. ಇದು ಬ್ರಿಟನ್ನಿನ ರೂಢಿ, ನಮ್ಮಲ್ಲೂ ಇದೇ ಸರಿ.

ಅಮೆರಿಕದಲ್ಲಿ ಒಂದೇ ಎಲ್. ಅಲ್ಲಿ ಅದೇ ಹೆಸರಿನ ಮಾಂಸದ ಅಡುಗೆಯೂ ಇದೆ. ಅದಕ್ಕೆ ಹಾಕುವ 'ಚಿಲಿ ಪೌಡರ್' ಸಾಮಾನ್ಯವಾಗಿ ಜೀರಿಗೆ, ಬೆಳ್ಳುಳ್ಳಿ ಎಲ್ಲ ಬೆರೆಸಿದ ಮಸಾಲೆ. ಅಲ್ಲಿರುವ ಮಗಳಿಗೋ ನೆಂಟರಿಗೋ ಪುಡಿ ಕಳಿಸುವುದಾದರೆ ಬರೀ ಮೆಣಸಿನಕಾಯಿ, ಬೇರೇನೂ ಬೆರೆಸಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿ.

'ಪೆಪ್ಪರ್' ಎಂದು ಮಾತ್ರ ಬರೆಯಬೇಡಿ. ಅದನ್ನು ಓದಿ ಒಬ್ಬರು ಕರಿಮೆಣಸು ಅಂದುಕೊಳ್ಳುತ್ತಾರೆ, ಇನ್ನೊಬ್ಬರು ದೊಣ್ಣಮೆಣಸಿನಕಾಯಿ ಅಂದುಕೊಳ್ಳುತ್ತಾರೆ. ಈ ಗೊಂದಲ ಹಳೆಯದು. 1492ರಲ್ಲಿ ಕೊಲಂಬಸ್ ಪಶ್ಚಿಮಕ್ಕೆ ಹೊರಟಾಗ ಅವನು ಹುಡುಕುತ್ತಿದ್ದ ಸಾಮಾನುಗಳಲ್ಲಿ ನಮ್ಮ ಕಡೆಯ ಕರಿಮೆಣಸೂ ಇತ್ತು. ಸಿಕ್ಕಿದ್ದು ಖಾರದ ಕಾಯಿ. ಸ್ಪೇನಿನವರು ಅದಕ್ಕೂ ಮೆಣಸಿನ ಹೆಸರನ್ನೇ ಇಟ್ಟರು, ಇಂಗ್ಲಿಷರೂ ಪೆಪ್ಪರ್ ಎಂದರು. ನಾವೂ ಅದನ್ನೇ ಮಾಡಿದ್ದೇವೆ, ಅಲ್ವಾ? ಪೋರ್ಚುಗೀಸರ ಹಡಗಿನಲ್ಲಿ ಈ ಕಾಯಿ ಬಂದಾಗ ಮೊದಲೇ ಇದ್ದ 'ಮೆಣಸು' ಪದಕ್ಕೆ 'ಕಾಯಿ' ಸೇರಿಸಿ ಮೆಣಸಿನಕಾಯಿ ಎಂದೆವು. ಪಾಠ ಮಾಡುವಾಗ ಈ ಮಾತು ಬಂದರೆ ನನಗೆ ಪ್ರತಿ ಸಲ ಖುಷಿ.

ಇನ್ನೂ ಒಂದಿದೆ. ಪೆಪ್ಪರ್ ಎಂಬ ಪದದ ಬೇರು ಸಂಸ್ಕೃತದ 'ಪಿಪ್ಪಲಿ'. ಅಜ್ಜಿ ಕೆಮ್ಮಿಗೆ ಕುಟ್ಟಿ ಕೊಡುತ್ತಿದ್ದ ನಮ್ಮ ಹಿಪ್ಪಲಿ! ಗ್ರೀಕ್, ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಹೋಗಿದೆ. 'ಚಿಲ್ಲಿ' ಮಾತ್ರ ಮೆಕ್ಸಿಕೋದ ಅಜ್ಟೆಕ್ ಜನರ ನಾಹುವಾಟ್ಲ್ ಭಾಷೆಯದು. ಅದು ಸ್ಪ್ಯಾನಿಷ್ ದಾರಿಯಲ್ಲಿ ಬಂತು. ಕಾಯಿಗೆ ಅದರ ಸ್ವಂತ ಊರಿನಲ್ಲೇ ಇದ್ದ ಹೆಸರು ಅದು. ಅದಕ್ಕೇ ನನಗೆ ಅದೇ ಇಷ್ಟ.

ಖಾರಕ್ಕೆ 'ಹಾಟ್' ಎನ್ನಬಹುದು, ಆದರೆ ಬ್ಯಾಡಗಿ ಕಾಯಿಗೆ ಅದು ಒಪ್ಪುವುದಿಲ್ಲ. ಸುಕ್ಕುಸುಕ್ಕಾದ ಕಡ್ಡಿ ಕಾಯಿ ನೋಡಿದ್ದೀರಲ್ಲ, ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಅದಕ್ಕೆ 'ಮೈಲ್ಡ್' ಎನ್ನಿ, ಪಕ್ಕದಲ್ಲಿ 'ಡೀಪ್ ರೆಡ್' ಸೇರಿಸಿ. 2011ರಿಂದ ಈ ಕಾಯಿಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನ ಕಡೆಯದೇ ಬೆಳೆ ಎಂಬ ಸರ್ಕಾರಿ ಗುರುತು, ಇದೆ. ಬೇರೆ ಕಡೆಯ ಕಾಯಿ ಬೆರೆಸಿದ ಪುಡಿಗೆ ಬ್ಯಾಡಗಿ ಹೆಸರು ಹಾಕಬೇಡಿ.

ವೈನಿ ಹಳೆಯ ಲೇಬಲ್ ಬಿಸಾಡಲಿಲ್ಲ. ಸಂಜೆ ನಾವಿಬ್ಬರೂ ಕೂತು ಒಂದೊಂದರ ಮೇಲೂ ವೈ ಹೊಡೆದು ಐ ಬರೆದೆವು. ನಾಲ್ಕು ದಿನ ಹಿಡಿಯಿತು.