ಥ್ರಿಲ್ಲರ್ ದೃಶ್ಯಕ್ಕೆ ಸದ್ದಿನಿಂದ ಬಿಗಿ ತರುವುದು ಹೇಗೆ?

ಸಂಗೀತಕ್ಕೆ ಕೈ ಹಾಕುವ ಮೊದಲು ದೃಶ್ಯದ ಸುತ್ತಲಿನ ಸದ್ದು ಕಟ್ಟಿಕೊಳ್ಳಿ: ಫ್ಯಾನ್, ಗಡಿಯಾರ, ದೂರದ ವಾಹನ, ಜೀರುಂಡೆ. ಒಂದೊಂದೂ ಬೇರೆ ಟ್ರ್ಯಾಕ್‌ನಲ್ಲಿರಲಿ. ಆತಂಕ ಏರಬೇಕಾದ ಕಡೆ ಇವನ್ನು 8–10 ಸೆಕೆಂಡ್ ಅಂತರದಲ್ಲಿ ಒಂದೊಂದಾಗಿ ಮೆಲ್ಲಗೆ ಇಳಿಸಿ ತೆಗೆಯಿರಿ. ಏನು ಹೋಯಿತೆಂದು ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ, ಆದರೆ ಕಿವಿ ಚುರುಕಾಗುತ್ತದೆ. ಯಾವ ವಾದ್ಯಕ್ಕಿಂತಲೂ ಇದು ಬಲವಾದ ಉಪಾಯ.

ಆಮೇಲೆ ಅಡಿಯಲ್ಲಿ 50 ಹರ್ಟ್ಸ್ ಆಸುಪಾಸಿನ ಡ್ರೋನ್, ಅಂದರೆ ಒಂದೇ ಸಮನೆ ಮೊರೆಯುವ ತಗ್ಗು ಸದ್ದು, ಸೇರಿಸಿ. 30–40 ಸೆಕೆಂಡ್‌ಗಳಲ್ಲಿ ಅದು 6 ಡೆಸಿಬೆಲ್ ಮಾತ್ರ ಏರಲಿ. ಬೇಗ ಏರಿಸಿದರೆ ಮುಂದಾಗುವುದರ ಗುಟ್ಟು ರಟ್ಟಾಗುತ್ತದೆ. ಮೊಬೈಲ್ ಸ್ಪೀಕರ್‌ನಲ್ಲಿ 50 ಹರ್ಟ್ಸ್ ಬಹುತೇಕ ಕೇಳಿಸದು. ಹಾಗಾಗಿ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನು ತುಸು ಒರಟಾಗಿಸುವ ಎಫೆಕ್ಟ್) ಕೊಟ್ಟು ಹಾರ್ಮೋನಿಕ್ಸ್, ಅಂದರೆ ಅದೇ ಸದ್ದಿನ ಹೆಚ್ಚು ಆವರ್ತನದ ಮಡಿಗಳು, ಹುಟ್ಟಿಸಿ. ಪಿಟೀಲಿನಲ್ಲಿ ಅರ್ಧ ಸ್ವರದ ಅಂತರವಿರುವ ಎರಡು ಸ್ವರಗಳನ್ನು ಒಟ್ಟಿಗೆ ಎಳೆದರೆ ಕಿರಿಕಿರಿಯ ಘರ್ಷಣೆ ಸಿಗುತ್ತದೆ. ಮಾತಿನ ಮೇಲೆ ಮಾತ್ರ ಬೇಡ, 1–4 ಕಿಲೋಹರ್ಟ್ಸ್ ನಡುವೆ ಅದು ಸಂಭಾಷಣೆಯನ್ನು ಮುಚ್ಚಿಹಾಕುತ್ತದೆ.

ಬೆಚ್ಚಿಬೀಳಿಸುವ ಸದ್ದಿಗೆ 1–2 ಸೆಕೆಂಡ್ ಮೊದಲು ಸಂಗೀತ ಕತ್ತರಿಸಿ. ಪೂರ್ತಿ ಶೂನ್ಯ ಮಾಡಿದರೆ ಥಿಯೇಟರಿನ ಧ್ವನಿಯೇ ಕೆಟ್ಟಿತೇನೋ ಅನಿಸುತ್ತದೆ. ಖಾಲಿ ಕೋಣೆಯ ಸದ್ದು ಉಳಿದಿರಬೇಕು. ಅದನ್ನು ಚಿತ್ರೀಕರಣದ ದಿನವೇ, ಎಲ್ಲರೂ ಸುಮ್ಮನಿದ್ದು, 60 ಸೆಕೆಂಡ್ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹೊಡೆತ ಚಿತ್ರದ ಜೊತೆಗೇ ಬೀಳಲಿ. ಸೆಕೆಂಡಿಗೆ 24 ಫ್ರೇಮ್ ಇದ್ದರೆ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಮೂರ್ನಾಲ್ಕು ಫ್ರೇಮ್ ಆಚೀಚೆಯಾದರೂ ಪೆಟ್ಟು ಸಡಿಲವಾಗುತ್ತದೆ. ಇಂಥ ಹೊಡೆತ ಇಡೀ ಚಿತ್ರಕ್ಕೆ ಎರಡು ಮೂರು ಸಾಕು. ಪದೇ ಪದೇ ಬಂದರೆ ಸಂಗೀತ ನಿಂತೊಡನೆ ಪ್ರೇಕ್ಷಕರು ಸಿದ್ಧರಾಗಿಬಿಡುತ್ತಾರೆ.